ಹುಣಸೇಹಣ್ಣಿನಿಂದ ತೊಳೆದ ವಿಮಾನ

ಕಳೆದ ವಾರ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯೊಂದರಿಂದ ನಾನೊಂದು ಹಿತ್ತಾಳೆಯ ಸ್ಟೋವ್ ತಂದೆ. ಬೇಕಾಗಿತ್ತು ಅಂತಲ್ಲ. ನನ್ನ ವಯಸ್ಸಿನವರಿಗೆ ಹಳೇ ಸ್ಟೋವ್ ಕಂಡರೆ ಅದರ ಪಿನ್ನು, ಅದರ ಭರ್ರೆನ್ನುವ ಸಪ್ಪಳ, ಸೀಮೆಎಣ್ಣೆಯ ವಾಸನೆ ಎಲ್ಲ ಒಟ್ಟಿಗೆ ನೆನಪಾಗಿ ಕೈ ತಾನೇ ಕಿಸೆಗೆ ಹೋಗುತ್ತದೆ. ಮನೆಗೆ ತಂದು ಕಟ್ಟೆಯ ಮೇಲಿಟ್ಟು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಹೆಂಡತಿ ಸುಮತಿ ಒಂದು ಉಂಡಿ ಹುಣಸೇಹಣ್ಣು ಹಿಡಿದು ಅದರ ಮುಂದೆ ಕೂತಿದ್ದಳು.

"ತೊಳಿಬ್ಯಾಡ!" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು.

"ಯಾಕ್ರೀ? ಹೊಲಸಿಗೇ ಪೂಜಿ ಮಾಡವರಿದ್ದೀರೇನು?"

"ಮೊದಲ ನೋಡೂಣು. ಎಲ್ಲೆ ಸೋರೇದ, ಎಲ್ಲೆ ಕಪ್ಪಾಗೇದ, ಯಾರು ಎಲ್ಲೆ ಬೆಸಗಿ ಹಾಕ್ಯಾರ... ತೊಳದ್ರ ಏನೂ ತಿಳಿಯೂದಿಲ್ಲ."

"ಮದಿವಿಗಿಂತ ಮೊದಲ ನಿಮ್ಮನ್ನೂ ಹೀಂಗ ತಿರುವಿ ಮುರುವಿ ನೋಡಬೇಕಾಗಿತ್ತು" ಎಂದು ಅವಳು ಎದ್ದು ಹೋದಳು. ಹುಣಸೇಹಣ್ಣನ್ನು ಮಾತ್ರ ಸ್ಟೋವಿನ ಪಕ್ಕದಲ್ಲೇ ಬಿಟ್ಟು ಹೋದಳು. ಇನ್ನೂ ಸೋತಿಲ್ಲ ಎಂಬುದರ ಸೂಚನೆ ಅದು.

ಹಳೆಯದನ್ನು ಕೊಂಡರೆ ತೊಳೆಯುವ ಮೊದಲು ಅದರ ಹೊಲಸನ್ನು ಓದಬೇಕು. ಈ ಚಟ ನನಗೆ ಅಂಟಿದ್ದು ಒಂದು ವಿಮಾನದಿಂದ. ನಗಬೇಡಿ. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ, ಸೈಕಲ್ಲನ್ನೂ ನೆಟ್ಟಗೆ ಹೊಡೆಯಲು ಬಾರದ ಮನುಷ್ಯನಿಗೂ ವಿಮಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧದ ಹೆಸರು ನಾಣಿ ಕಾಕಾ.

ನಾಣಿ ಕಾಕಾ ನಮ್ಮಪ್ಪನ ಕಡೇ ತಮ್ಮ. ಮದುವೆಯಾಗಲಿಲ್ಲ. ನಮ್ಮ ಮನೆಯ ಅಟ್ಟದ ಕೋಣೆ ಅವನದು. ಹರೆಯದಲ್ಲಿ ಪುಣೆಯ ಕಡೆ ಹೋಗಿ, ಅಜ್ಜ ಕೊಟ್ಟದ್ದು ಅಜ್ಜಿ ಮುಚ್ಚಿ ಕೊಟ್ಟದ್ದು ಎಲ್ಲವನ್ನೂ ಸುರಿದು, ಒಂದೇ ಎಂಜಿನಿನ ಪುಟ್ಟ ವಿಮಾನ ಹಾರಿಸಲು ಕಲಿತು ಬಂದಿದ್ದ. ಧಾರವಾಡದಲ್ಲಿ ವಿಮಾನ ಎಲ್ಲಿಂದ ತರಬೇಕು? ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮಾಸ್ತರನಾದ. ಆದರೂ ಪ್ರತಿ ವರ್ಷ ರಜೆಯಲ್ಲಿ ಹೋಗಿ, ಲೈಸೆನ್ಸು ಉಳಿಸಿಕೊಳ್ಳುವಷ್ಟು ತಾಸು ಹಾರಿ ಬರುತ್ತಿದ್ದ. ಆ ಲೈಸೆನ್ಸಿನ ಮೇಲೆ ಒಂದು ಕೆಂಪು ಬೊಟ್ಟು ಇತ್ತು. ಖಂಡೇನವಮಿಯ ದಿನ ಅಜ್ಜಿ ಹೊಲಿಗೆ ಮಷೀನು, ಈಳಿಗಿ, ನಮ್ಮ ಪೆನ್ನು ಪುಸ್ತಕಗಳ ಜೋಡಿ ಅದನ್ನೂ ಇಟ್ಟು ಕುಂಕುಮ ಹಚ್ಚಿಬಿಟ್ಟಿದ್ದಳು. ಇದೇನು ಶಿಕ್ಕಾ, ಎಲ್ಲಿಯ ಮುದ್ರೆ ಎಂದು ಕಚೇರಿಯವರು ಕೇಳಿದರೆ ಕಾಕಾ "ನಮ್ಮ ಕಡೀದು" ಎನ್ನುತ್ತಿದ್ದನಂತೆ.

ವಿಮಾನ ಕೈಗೆ ಸಿಗದ ಪೈಲಟ್ ಏನು ಮಾಡುತ್ತಾನೆ? ಎಲ್ಲವನ್ನೂ ವಿಮಾನ ಮಾಡುತ್ತಾನೆ. ಏನೇ ಶುರು ಮಾಡುವ ಮೊದಲೂ ಕಾಕಾನಿಗೆ ಪಟ್ಟಿ ಓದಬೇಕು. ಊಟಕ್ಕೆ ಕೂತರೆ, "ನೀರು?" ಎನ್ನುತ್ತಿದ್ದ. ನಾನು "ಅದ" ಎನ್ನಬೇಕು. "ಉಪ್ಪು?" "ಅದ." "ತುಪ್ಪ?" "ಬರ್ಲಿಕ್ಕತ್ತದ." ತುಪ್ಪ ಬರುವ ತನಕ ಅವನು ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ. ಸೈಕಲ್ ಹತ್ತುವ ಮೊದಲು ಗಾಳಿ, ಬ್ರೇಕು, ಗಂಟಿ. ನಾನು ಹುಡುಗನಿದ್ದಾಗ ಶುರುವಾದ ಈ ಆಟ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಲು ಸೇರಿದ ಮೇಲೂ ನಿಂತಿರಲಿಲ್ಲ.

ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ. ಮುಂದಿನದರ ಬಗ್ಗೆ ಅಷ್ಟು ಧೈರ್ಯ ಇಲ್ಲ. ನೆನಪು ಹೇಳುವಾಗ ನಾನು ಎಲ್ಲೆಲ್ಲಿ ಚಂದ ಹೇಳುತ್ತೇನೋ ಅಲ್ಲಲ್ಲಿ ನನ್ನನ್ನು ಸ್ವಲ್ಪ ಸಂಶಯದಿಂದ ನೋಡಿ.

ಅರವತ್ತರ ದಶಕದ ಕೊನೆ. ಹುಬ್ಬಳ್ಳಿಯ ಅರಳೆ ವ್ಯಾಪಾರಿ ಗುರುಸಿದ್ದಪ್ಪ ಸಾವಕಾರ್ರಿಗೆ ವಿಮಾನ ಕೊಳ್ಳುವ ಹುಕಿ ಬಂತು. ಅವರು ಒಮ್ಮೆ ಯಾವುದೋ ಸಾದಾ ವಿಮಾನದಲ್ಲಿ ಮುಂಬಯಿಗೆ ಹೋಗಿ ನಾಲ್ಕು ದಿನ ಕಿವಿ ಕೇಳದೆ ಕೂತಿದ್ದರು. ಆ ನಾಲ್ಕು ದಿನದಲ್ಲಿ ಅರಳೆಯ ಭಾವ ಯಾರು ಏನು ಹೇಳಿದರೂ ಅವರಿಗೆ ಕೇಳಲಿಲ್ಲ. ಆಗಲೇ ಒಬ್ಬ ಏಜಂಟ ಅವರಿಗೆ ಗಂಟು ಬಿದ್ದ. ಉತ್ತರದ ಕಡೆಯ ಒಬ್ಬ ಸಂಸ್ಥಾನಿಕರ ವಿಮಾನ ಮಾರಾಟಕ್ಕಿದೆ, ಎರಡು ಎಂಜಿನ್, ಒಳಗೆ ಗಾಳಿ ತುಂಬುವ ವ್ಯವಸ್ಥೆ ಇದೆ, ಎಷ್ಟು ಎತ್ತರ ಹೋದರೂ ಕಿವಿ ನೋಯುವುದಿಲ್ಲ ಎಂದ.

"ಮನ್ಯಾಗ ಲೋಡಿಗಿ ಆನಿಕೊಂಡು ಕುಂತಂಗ ಅಂತ ನೋಡ್ರಿ ಮಾಸ್ತರ" ಎಂದು ಸಾವಕಾರ್ರು ನಮ್ಮ ಕಟ್ಟೆಗೆ ಬಂದು ಕಾಕಾನಿಗೆ ಹೇಳಿದರು. "ನೀವು ಹಾರಸೂದಾದ್ರ ತಗೋತೇನಿ. ಇಲ್ಲಾಂದ್ರ ಒಂದು ಕಾರು ತಗೊಂಡು ಸುಮ್ಮನಾಗ್ತೇನಿ."

ಕಾಕಾನಿಗೆ ಆಗ ನಾಲ್ವತ್ತರ ಹತ್ತಿರ. ಇನ್ನೆರಡು ವರ್ಷ ಹೋದರೆ ಯಾರೂ ಅವನನ್ನು ಕರೆಯುತ್ತಿರಲಿಲ್ಲ. ಅವನು ಮರುದಿನವೇ ಹೈಸ್ಕೂಲಿಗೆ ರಾಜೀನಾಮೆ ಬರೆದು, ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ಬಂದ. ಹೆಡ್‌ಮಾಸ್ತರರು ಅದನ್ನು ಪೇಪರ್‌ವೇಟಿನ ಕೆಳಗೆ ಸರಿಸಿ, "ವಿಮಾನ ಬರಲಿ, ಆಮ್ಯಾಲ ಸಹಿ ಮಾಡ್ತೇನಿ" ಎಂದರಂತೆ. ಮನೆಯಲ್ಲಿ ಅಜ್ಜಿ, "ಎರಡು ಎಂಜಿನ್ ಅವ ಅಂತ, ಒಂದು ಕೆಟ್ರೂ ಚಿಂತಿಲ್ಲ" ಎಂದು ಬಂದವರಿಗೆಲ್ಲ ಸಮಾಧಾನ ಹೇಳತೊಡಗಿದಳು. ಅವರು ಏನನ್ನೂ ಕೇಳಿರುತ್ತಿರಲಿಲ್ಲ.

ಅದು ಅಷ್ಟು ಸರಳ ಅಲ್ಲ ಎಂದು ಕಾಕಾನಿಗೆ ಮಾತ್ರ ಗೊತ್ತಿತ್ತು. ಒಂದು ಸಂಜೆ ನನಗೊಬ್ಬನಿಗೇ ಹೇಳಿದ: "ಜೋಡೆತ್ತಿನ ಗಾಡಿ ನೋಡೀಯಿಲ್ಲೋ? ಏರು ಹತ್ತೂ ಮುಂದ ಒಂದು ಎತ್ತು ಕುಸದು ಕೂತ್ರ ಇನ್ನೊಂದು ಏನು ಮಾಡ್ತದ? ಗಾಡಿ ಎಳೀತದ. ಆದ್ರ ನೆಟ್ಟಗ ಅಲ್ಲ, ತೆಗ್ಗಿಗೆ. ಅದನ್ನ ತಡದು ನೆಟ್ಟಗ ಹಿಡಿಯೂದೇ ಕಲೀಬೇಕು."

"ಕಲ್ತೀಯೇನು?"

"ಕಲೀತೇನಿ" ಎಂದ. ನಾನು ಕೇಳಿದ್ದು ಭೂತಕಾಲದಲ್ಲಿ, ಅವನು ಹೇಳಿದ್ದು ಭವಿಷ್ಯದಲ್ಲಿ ಎಂಬುದನ್ನು ನಾನು ಗಮನಿಸಿದೆ. ಇಂಗ್ಲಿಷ್ ಮಾಸ್ತರನಲ್ಲವೆ?

ಹುಬ್ಬಳ್ಳಿ ಹತ್ತಿರದ ತಾರಿಹಾಳದ ಕಡೆ ಆಗ ಕಾರ್ಖಾನೆಗಳಿರಲಿಲ್ಲ. ಸಾವಕಾರ್ರ ಹೊಲವಿತ್ತು. ಅದರಲ್ಲಿ ಗರಸು ಹಾಕಿಸಿ, ರೋಲರ್ ಹೊಡೆಸಿ, ಉದ್ದನೆಯ ಒಂದು ಪಟ್ಟಿ ಮಾಡಿಸಿದ್ದರು. ಖಂಡೇನವಮಿಯ ಎರಡು ದಿನ ಮುಂಚೆ, ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ, ವಿಮಾನ ಅಲ್ಲಿ ಬಂದಿಳಿಯಿತು. ಏಜಂಟನ ಪೈಲಟ್ ತಂದು ಇಳಿಸಿದ. ಇಡೀ ತಾರಿಹಾಳ ಅಲ್ಲಿತ್ತು. ಮೇಲೆ ಬಿಳಿ ಬಣ್ಣ, ನಡುವೆ ಒಂದು ನೀಲಿ ಪಟ್ಟೆ, ಕೆಳಗೆ ಬಣ್ಣವಿಲ್ಲದ ಬರೀ ಅಲ್ಯುಮಿನಿಯಂ ತಗಡು. ಒಳಗೆ ಮೆತ್ತನೆಯ ಆಸನಗಳು, ಚುಟ್ಟದ ಹಳೇ ವಾಸನೆ. ಕಾಕಾ ಅದರ ಸುತ್ತ ಒಂದು ಸುತ್ತು ಹಾಕಿದ. ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡೇ ಇದ್ದ.

ಕಿವಿಯ ಬಗ್ಗೆ ಏನೇ ಇರಲಿ, ಸಾವಕಾರ್ರು ವ್ಯವಹಾರದಲ್ಲಿ ಕಚ್ಚಾ ಅಲ್ಲ. ಖಂಡೇನವಮಿಗೆ ಪೂಜೆ, ಅದೇ ದಿನ ಪರೀಕ್ಷೆ, ಪರೀಕ್ಷೆ ಮಾಡುವವರು ಒಪ್ಪಿದರೆ ಕೂಡಲೇ ಮಾತು ಪಕ್ಕಾ ಎಂದರು. ಪರೀಕ್ಷೆಗೆ ಅವರು ಕರೆದದ್ದು ಇಮಾಮಸಾಬರನ್ನು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಎಂಜಿನ್ನಿನ ಬಾಯ್ಲರ್ ನೋಡಿ ನಿವೃತ್ತರಾದವರು. "ವಿಮಾನದ್ದು ಅವರಿಗೇನು ಗೊತ್ತು?" ಎಂದು ಏಜಂಟ ಮುಖ ಸಣ್ಣದು ಮಾಡಿದ. ಸಾವಕಾರ್ರು, "ಒಳಗ ಗಾಳಿ ತುಂಬ್ತೈತಿ ಅಂತ ನೀವಽ ಹೇಳೀರಲ್ರಿ? ಒತ್ತಿ ತುಂಬಿದ್ದು ಉಗಿ ಇರಲಿ, ಗಾಳಿ ಇರಲಿ, ಅದು ಅವರ ಖಾತೆ" ಎಂದರು.

ಈಗ ಆ ಬೆಳಿಗ್ಗೆ. ಖಂಡೇನವಮಿಯ ಹಿಂದಿನ ದಿನ.

ನಮ್ಮಲ್ಲಿ ಪೂಜೆಗೆ ಇಡುವ ಯಾವ ಆಯುಧವನ್ನೂ ತೊಳೆಯದೆ ಇಡುವುದಿಲ್ಲ. ಕಾಕಾ ಮನೆಯಿಂದ ಒಂದು ಡಬ್ಬಿ ಹುಣಸೇಹಣ್ಣು, ಒಂದು ಪುಡಿಕೆ ಬೂದಿ, ಅಜ್ಜಿಯ ಹಳೇ ಸೀರೆಯ ತುಂಡು ತಗೊಂಡು ನನ್ನನ್ನೂ ಎಳೆದುಕೊಂಡು ತಾರಿಹಾಳಕ್ಕೆ ಹೊರಟ. ಅಲ್ಯುಮಿನಿಯಂಗೆ ಹುಳಿ ತಿಕ್ಕಬಾರದು ಎಂದು ಈಗ ಯಾರಾದರೂ ಹೇಳುತ್ತಾರೆ. ಕಾಕಾ ಭೌತಶಾಸ್ತ್ರದವನು, ರಸಾಯನಶಾಸ್ತ್ರ ಪಕ್ಕದ ಕೋಣೆಯದು. ಅವನು ಏಣಿಯ ಮೇಲೆ, ನಾನು ಬಕೆಟ್ ಹಿಡಿದು ಕೆಳಗೆ. ಅವನು ಹಾಡಿನಂಥದೇನೋ ಗುಣುಗುಣಿಸುತ್ತ ತಿಕ್ಕುತ್ತಿದ್ದ. ಬಲಗಡೆಯ ಮೂರನೇ ಕಿಟಕಿಯ ಹತ್ತಿರ ಆ ಗುಣುಗುಣು ನಿಂತಿತು.

ಕಿಟಕಿಯ ಹಿಂದಿನ ಕೆಳಮೂಲೆಯಿಂದ ಒಂದು ಕಂದು ಗೆರೆ ಹಿಂದಕ್ಕೆ ಹೋಗಿತ್ತು. ಚಹದ ಬಣ್ಣ. ಒಂದು ಗೇಣು ಉದ್ದ. ಕಾಕಾ ಅದನ್ನು ಬೆರಳಿನಿಂದ ಮುಟ್ಟಿ ಮೂಸಿದ. ನನ್ನ ಕಡೆ ನೋಡಿದ. ಆಮೇಲೆ ಹುಣಸೇಹಣ್ಣು ಅದ್ದಿ, ಅದನ್ನು ತಿಕ್ಕಿ, ನೀರು ಹಾಕಿದ. ಗೆರೆ ಹೋಯಿತು.

"ಹೊಲಸು" ಎಂದ.

ನಾನು ಏನೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಅವನು ಉತ್ತರ ಕೊಟ್ಟದ್ದು ಅದೇ ಮೊದಲು. ಆ ದಿನ ಅವನು ಯಾವ ಪಟ್ಟಿಯನ್ನೂ ಓದಲಿಲ್ಲ ಎಂಬುದೂ ಆಮೇಲೆ ನನಗೆ ಹೊಳೆಯಿತು.

ಮರುದಿನ ಪೂಜೆಯಾಯಿತು. ಚೆಂಡು ಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಮೂತಿಗೆ ಕುಂಕುಮ ಹಚ್ಚುವಾಗ ಏಜಂಟ ಓಡಿ ಬಂದು, ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆಯೊಳಗೆ ಕುಂಕುಮ ಹೋಗದಂತೆ ಕೈ ಅಡ್ಡ ಹಿಡಿದ. ಸಾವಕಾರ್ರ ತಾಯಿ ಕಾಯಿ ಒಡೆಸಿ, "ಎಷ್ಟು ಮಂದಿ ಹಿಡಿಸ್ತೈತಿ?" ಎಂದರು. ಸಾವಕಾರ್ರು, "ಯವ್ವಾ, ನಾವೆಲ್ಲಾ ಹೋಗೂಣು. ಅಳಿಯಂದಿರು, ಬೀಗರು, ಅರಳೆ ಸ್ಯಾಂಪಲ್ಲಿನ ಚೀಲ, ಧಾರವಾಡ ಫೇಡೆದ ಬುಟ್ಟಿ" ಎಂದು ಪಟ್ಟಿ ಕೊಟ್ಟರು. ಕಾಕಾ ಪಟ್ಟಿಯ ಉದ್ದ ನೋಡಿದ, ನೆಲದ ಪಟ್ಟಿಯ ಉದ್ದ ನೋಡಿದ, ಬೆವರು ಒರೆಸಿಕೊಂಡ.

ಇಮಾಮಸಾಬರು ಬಂದದ್ದು ಹನ್ನೊಂದರ ಸುಮಾರಿಗೆ. ಬಿಳೀ ಪೈಜಾಮ, ಜೇಬಿನಲ್ಲಿ ಕನ್ನಡಕ, ಕೈಯಲ್ಲಿ ಅಂಗೈಯಷ್ಟೇ ದೊಡ್ಡ ಸುತ್ತಿಗೆ. ಬಂದವರೇ ನನ್ನ ಕೈಯಿಂದ ವಿಮಾನದ ಲಾಗ್‌ಬುಕ್ಕು ಓದಿಸಿದರು. ಇಂಗ್ಲಿಷ್ ಓದುವುದೊಂದೇ ನನಗಲ್ಲಿದ್ದ ಹುದ್ದೆ. ನಾನು ತಾಸುಗಳನ್ನು ಓದಿದೆ.

"ತಾಸು ಬ್ಯಾಡ್ರಿ ಸರ್. ಎಷ್ಟು ಸಲ ಮ್ಯಾಲ ಹೋಗಿ ಕೆಳಗ ಬಂದೈತಿ, ಅದನ್ನ ಹೇಳ್ರಿ."

ಅದು ಬರೆದಿರಲಿಲ್ಲ.

"ಬಾಯ್ಲರಿಗೆ ವಯಸ್ಸು ವರ್ಷದಾಗ ಆಗೂದಿಲ್ರಿ ಸಾವಕಾರ್ರ. ಬೆಂಕಿ ಹಾಕಿ ಆರಿಸಿ, ಹಾಕಿ ಆರಿಸಿ, ಹಂಗ ಆಗ್ತೈತಿ. ಇದೂ ಮ್ಯಾಲ ಹೋದಾಗೊಮ್ಮೆ ಉಬ್ಬತೈತಿ, ಕೆಳಗ ಬಂದಾಗೊಮ್ಮೆ ಇಳೀತೈತಿ. ಎಲ್ಲ್ಯಾರ ಮೂಲ್ಯಾಗ ಸೀಳು ಹುಟ್ಟತೈತಿ." ಆಮೇಲೆ ಕಾಕಾನ ಕಡೆ ತಿರುಗಿ, ಬಹಳ ಮೆಲ್ಲಗೆ, "ಮಾಸ್ತರ್ರ, ಒಂದು ಎಂಜಿನ್ ಬಂದ್ ಮಾಡಿ ಎಷ್ಟು ಸಲ ಇಳಿಸೀರಿ?"

"ಕಲೀಬೇಕು" ಎಂದ ಕಾಕಾ.

"ಕಲೀರಿ. ಅದೇನೂ ತಪ್ಪಲ್ಲ" ಎಂದು ಸುತ್ತಿಗೆ ಎತ್ತಿದರು.

ತಗಡಿನ ಮೇಲೆ ಟಕ್ ಟಕ್ ಎಂದು ಬಡಿಯುತ್ತ, ಕಿವಿ ಹತ್ತಿರ ಇಟ್ಟು, ಇಡೀ ವಿಮಾನವನ್ನು ಸುತ್ತಿದರು. ಒಳಗೆ ಹೋಗಿ ಮೂಸಿದರು. ಹೊರಗೆ ಬಂದು ತಗಡಿನ ಮೇಲೆ ಅಂಗೈ ಆಡಿಸಿ, ಅಂಗೈ ನೋಡಿಕೊಂಡರು. ಏನೂ ಹತ್ತಿರಲಿಲ್ಲ.

"ಇದನ್ನ ಯಾರು ತೊಳದ್ರಿ?"

ಕಾಕಾ ಕೈ ಹಿಂದೆ ಕಟ್ಟಿಕೊಂಡ. ಏಜಂಟ, ಮುಂಬಯಿಯಲ್ಲಿ ಎಲ್ಲ ಸ್ವಚ್ಛ ಮಾಡಿಸಿಯೇ ತಂದೆವು ಎಂದ.

"ಬಾಯ್ಲರ್ ಸೋರಿದ್ದಲ್ಲೆ ನೀರು ಆರಿ ಬಿಳೇ ಗೀಟು ಬಿದ್ದಿರತೈತಿ. ನಾವು ಆ ಗೀಟು ನೋಡೂ ತನಕಾ ಯಾರಿಗೂ ಒರಸೂ ಅರಬಿ ಹಚ್ಚಾಕ ಬಿಡ್ತಿದ್ದಿಲ್ಲ. ಇದರಾಗ ಭಾಳ ವರ್ಷ ಚುಟ್ಟಾ ಸೇದ್ಯಾರ. ಸೀಳು ಇದ್ರ ಹೊಗಿ ಅಲ್ಲಿಂದನ ಹೊರಗ ಬಂದಿರಬೇಕು, ಕಂದು ಗೀಟು ಬಿಟ್ಟಿರಬೇಕು. ಈಗ ನೋಡಿದ್ರ ಮದಿವಿ ಮದಲಿಂಗನ ಮಾರಿ ಆಗೇತಿ."

ಇಮಾಮಸಾಬರು ಬಿಡಲಿಲ್ಲ. ಪೆಟ್ರೋಲಿನ ಹತ್ತಿರ ಬೆಂಕಿ ತರಬಾರದೆಂದು, ದೂರದಲ್ಲಿ, ಗಾಳಿಯ ಕೆಳದಿಕ್ಕಿನಲ್ಲಿ ಒಂದು ಮುಚ್ಚಿದ ಡ್ರಮ್ಮಿನಲ್ಲಿ ಲೋಬಾನ ಹಾಕಿಸಿದರು. ಕುಲುಮೆಯ ಕೈಪಂಖಾ ತರಿಸಿ, ತೋಟಕ್ಕೆ ನೀರು ಹಾಯಿಸುವ ರಬ್ಬರ್ ಪೈಪುಗಳನ್ನು ಜೋಡಿಸಿ, ಹೊಗೆಯನ್ನು ವಿಮಾನದೊಳಗೆ ಒತ್ತಿಸಿದರು. ತೂತುಗಳಿಗೆಲ್ಲ ಬಟ್ಟೆ ತುರುಕಿದರು. ಲೋಬಾನದ ವಾಸನೆ ಹಬ್ಬಿದ್ದೇ ತಾರಿಹಾಳದವರು ಇದೂ ಪೂಜೆಯ ಒಂದು ಭಾಗವೆಂದು ತಿಳಿದು ಕೈ ಮುಗಿದರು. ಸಾವಕಾರ್ರ ತಾಯಿ ಸೆರಗಿನಿಂದ ಹೊಗೆಯನ್ನು ಹಣೆಗೆ ಎಳೆದುಕೊಂಡರು. ನನಗೂ ಕೈ ಮುಗಿಯಬೇಕು ಅನಿಸಿತು, ಯಾವ ಕಾರಣಕ್ಕೆ ಎಂದು ಮಾತ್ರ ತಿಳಿಯಲಿಲ್ಲ.

ಬಾಗಿಲ ಅಂಚಿನಿಂದ ಒಂದಿಷ್ಟು ಹೊಗೆ ಬಂತು. "ರಬ್ಬರ್ ಬದಲಿಸಿದ್ರ ಮುಗೀತು" ಎಂದರು ಇಮಾಮಸಾಬರು. ಉಳಿದ ಕಡೆ ಬಂದಿದ್ದರೂ ಆ ಬಯಲಿನ ಗಾಳಿಗೆ ಕಾಣಿಸುವಂತಿರಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಕೊನೆಗೆ ಕನ್ನಡಕ ತೆಗೆದು, ಸುತ್ತಿಗೆಯನ್ನು ಅರಿವೆಯಲ್ಲಿ ಸುತ್ತತೊಡಗಿದರು.

"ನನಗ ಕಾಣೂವಷ್ಟರಾಗ ಏನೂ ಇಲ್ರಿ ಸಾವಕಾರ್ರ."

ಏಜಂಟ ಕೈ ಮುಂದೆ ಚಾಚಿದ. ಸಾವಕಾರ್ರು ನಕ್ಕು ಕಾಕಾನನ್ನು ನೋಡಿದರು. ಕಾಕಾ ವಿಮಾನವನ್ನು ನೋಡುತ್ತಿದ್ದ. ಅವನು ಹಾಗೆ ಯಾವುದನ್ನೂ, ಯಾರನ್ನೂ ನೋಡಿದ್ದನ್ನು ನಾನು ಕಂಡಿಲ್ಲ. ನಾನು ಕಾಕಾನನ್ನು ನೋಡುತ್ತಿದ್ದೆ. ಬೆರಳುಗಳ ಸಂದಿಯಲ್ಲಿ ಅವನಿಗಿನ್ನೂ ಹುಣಸೇಹಣ್ಣಿನ ಕಪ್ಪು ಹೋಗಿರಲಿಲ್ಲ. ನಾನು ಹೇಳಿದರೆ ಇವನು ಮತ್ತೆ ಹೈಸ್ಕೂಲಿನ ಕಪ್ಪು ಹಲಗೆಯ ಮುಂದೆ ನಿಲ್ಲುತ್ತಾನೆ. ಹೇಳದಿದ್ದರೆ ಮುಂದಿನ ವಾರ ಇದರೊಳಗೆ ಕೂತು ಮೋಡದ ಮೇಲೆ ಹೋಗುತ್ತಾನೆ, ಜೊತೆಗೆ ಫೇಡೆದ ಬುಟ್ಟಿ ಹಿಡಿದ ಆ ಮುದುಕಿ.

"ಮೂರನೇ ಕಿಡಕಿ. ಬಲಗಡೆ. ಹಿಂದಿನ ಕೆಳಗಿನ ಮೂಲಿ."

ಈ ಮಾತು ಅಲ್ಲಿ ಬಂತು. ಅದು ಖರೆ.

ಇಮಾಮಸಾಬರು ಯಾರನ್ನೂ ನೋಡದೆ ನೆಟ್ಟಗೆ ಅಲ್ಲಿಗೇ ಹೋದರು. ಗಾಳಿ ತಡೆಯಲು ಒಂದು ಕರಿ ಕಂಬಳಿ ಹಿಡಿಸಿದರು. ಪಂಖಾ ಮತ್ತೆ ತಿರುಗಿತು. ಕಂಬಳಿಯ ಕತ್ತಲೊಳಗೆ ನಾಲ್ಕು ತಲೆಗಳು: ಅವರದು, ಸಾವಕಾರ್ರದು, ಕಾಕಾನದು, ನನ್ನದು. ಕಿಟಕಿಯ ಮೂಲೆಯಿಂದ, ಸಾಲು ರಿವಿಟ್ಟುಗಳ ನಡುವಿನಿಂದ, ಊದಿನಕಡ್ಡಿಯ ತುದಿಯಿಂದ ಬರುವಂಥ ಒಂದೇ ಎಳೆ ಹೊಗೆ ಹೊರಗೆ ಬಂತು. ಬಂತು, ಬರುತ್ತಲೇ ಇತ್ತು. ಬಹಳ ಚಂದ ಇತ್ತು.

"ಬಾಗಲದಾಗ ಸೋರಿದ್ರ ನಡೀತೈತಿ" ಎಂದರು ಇಮಾಮಸಾಬರು. "ತಗಡಿನಾಗ ಸೋರಬಾರದು. ಇದು ಮ್ಯಾಲೆ ಹೋದಾಗ ಒಮ್ಮೆ ಹರೀತಂದ್ರ ಕಿಡಕಿಗೆ ನಿಂದರೂದಿಲ್ಲ."

ಒಳಗಿನ ಗೋಡೆಗೆ ಹೊದಿಸಿದ್ದ ಬಟ್ಟೆ ಬಿಚ್ಚಿಸಿದಾಗ ಅಲ್ಲಿ ಯಾರೋ ಹಿಂದೆಯೇ ಹಾಕಿದ್ದ ಒಂದು ತೇಪೆ, ತೇಪೆಯ ಕೆಳಗಿಂದ ಹೊರಟ ಕೂದಲೆಳೆಯಷ್ಟು ಸೀಳು ಎರಡೂ ಕಂಡವು. ಏಜಂಟ ತನಗೆ ಗೊತ್ತೇ ಇರಲಿಲ್ಲ ಎಂದು ಎದೆ ಮುಟ್ಟಿಕೊಂಡ. ಖರೇನೇ ಗೊತ್ತಿರಲಿಲ್ಲವೇನೋ. ಗಾಳಿ ತುಂಬದೆ, ಎತ್ತರಕ್ಕೆ ಹೋಗದೆ, ವಿಮಾನ ಬಂದ ದಾರಿಯಲ್ಲೇ ಮೆಲ್ಲಗೆ ಹಾರಿ ಹೋಯಿತು. ಚಂದದ ಕಥೆಯಾಗಿದ್ದರೆ ಅದು ಮುಂದೆ ಎಲ್ಲೋ ಬೀಳಬೇಕಾಗಿತ್ತು, ನಾವು ಪೇಪರಿನಲ್ಲಿ ಓದಿ ನಿಟ್ಟುಸಿರು ಬಿಡಬೇಕಾಗಿತ್ತು. ಅಂಥದೇನೂ ನಾವು ಓದಲಿಲ್ಲ. ಯಾರೋ ಚಲೋ ರಿಪೇರಿ ಮಾಡಿಸಿ ವರ್ಷಗಟ್ಟಲೆ ಹಾರಿಸಿರಬಹುದು. ಸಾವಕಾರ್ರು ಒಂದು ಕಾರು ಕೊಂಡರು. ಹೆಡ್‌ಮಾಸ್ತರರು ಪೇಪರ್‌ವೇಟ್ ಎತ್ತಿ, ಕಾಗದವನ್ನು ಕಾಕಾನ ಕೈಗೇ ಕೊಟ್ಟು, "ಒಂಬತ್ತನೇ ಇಯತ್ತಿಗೆ ವಾಯುಭಾರ ಉಳದದ, ಸುರು ಮಾಡ್ರಿ" ಎಂದರು. ಆ ವರ್ಷದಿಂದ ಕಾಕಾ ರಜೆಯಲ್ಲಿ ಪುಣೆಗೆ ಹೋಗಲಿಲ್ಲ.

ಆದರೆ ಮೂರನೇ ಕಿಟಕಿ ಎಂದವರು ಯಾರು?

ನನ್ನ ನೆನಪಿನಲ್ಲಿ ಅದು ನಾನು. ನನ್ನ ಮಾತು ಕೀರಲಾಗಿ ಬಂದದ್ದು, ಆಮೇಲೆ ಬಸ್ಸಿನಲ್ಲಿ ಧಾರವಾಡದ ತನಕ ಕಾಕಾನ ಮುಖ ನೋಡಲಾರದೆ ಕಿಟಕಿಯ ಹೊರಗೆ ನೋಡುತ್ತ ಕೂತದ್ದು, ಎಲ್ಲ ಇದೆ. ಕೆಲವು ವರ್ಷದ ಮೇಲೆ ಹುಬ್ಬಳ್ಳಿಯಲ್ಲಿ ಇಮಾಮಸಾಬರು ಸಿಕ್ಕಾಗ ಕೇಳಿದೆ. "ಯಾರೋ ಅಂದ್ರು ಸರ್. ನಾ ಕಿಡಕಿ ನೋಡಾಕತ್ತಿದ್ದೆ, ಬಾಯಿ ಯಾಕ ನೋಡ್ಲಿ?" ಎಂದು ನಕ್ಕರು. ಅವರು ಮರೆತಿದ್ದರೋ, ಮುಚ್ಚಿದರೋ ಗೊತ್ತಾಗಲಿಲ್ಲ.

ಕಾಕಾ ನಿವೃತ್ತನಾದ ದಿನ ಹೈಸ್ಕೂಲಿನಲ್ಲಿ ಸಮಾರಂಭ ಮಾಡಿದರು. ಮುಗಿದ ಮೇಲೆ ನಾವಿಬ್ಬರೂ ಮಾಳಮಡ್ಡಿಯ ಕಡೆ ನಡೆದೆವು. ಅವನು ಕೊರಳಲ್ಲಿ ಹಾರ ಹಾಕಿಕೊಂಡೇ ಸೈಕಲ್ ನೂಕಿಕೊಂಡು ಬರುತ್ತಿದ್ದ. ಹೂ ಒಂದೊಂದೇ ಉದುರುತ್ತಿತ್ತು. ಅಷ್ಟು ವರ್ಷ ನಾವು ಆ ವಿಮಾನದ ಮಾತು ಎತ್ತಿರಲಿಲ್ಲ. ನಮ್ಮ ಓಣಿಯ ತಿರುವಿನಲ್ಲಿ ಅವನು ನಿಂತ.

"ಅವತ್ತ ತಾರಿಹಾಳದಾಗ, ಕಿಡಕೀದು ನಾನಽ ಹೇಳಿದ್ನೆಲ್ಲೋ?"

ಮಾತಿನ ಮೊದಲರ್ಧ ಗಟ್ಟಿಯಾಗಿತ್ತು. ಕೊನೆಗೆ ಬರುವಾಗ ಅವನ ದನಿ ನನ್ನ ಮುಖ ನೋಡುತ್ತಿತ್ತು. ನಾನು ಆ ಬಿಸಿಲು, ನನ್ನ ಆ ಕೀರಲು ದನಿ ಎಲ್ಲವನ್ನೂ ಇನ್ನೊಮ್ಮೆ ನೋಡಿದೆ. ಎಲ್ಲ ಅಲ್ಲೇ ಇತ್ತು, ಚಹದ ಬಣ್ಣದ ಗೆರೆಯ ಹಾಗೆ.

"ಹೌದು ಕಾಕಾ. ನೀನಽ ಹೇಳಿದಿ."

"ಖರೇ?"

"ಖರೇ. ನಾ ಬಾಜೂಕನ ನಿಂತಿದ್ದೆ."

ಅವನು ಗೋಣು ಆಡಿಸಿದ. ಸೈಕಲ್ಲಿನ ಗಾಳಿ ಒತ್ತಿ ನೋಡಿದ, ಬ್ರೇಕು ಹಿಡಿದು ನೋಡಿದ, ಗಂಟಿ ಹೊಡೆದ. ಮನೆ ಹತ್ತು ಹೆಜ್ಜೆ ದೂರ ಇತ್ತು. ಆದರೂ ಹತ್ತಿ, ಹಾರ ಹಾರಿಸುತ್ತ, ಹೋದ.

ಓಣಿಯ ತಿರುವಿನಲ್ಲಿ ಆ ಒಂದು ಸಲ ಬಕೆಟ್ ಹಿಡಿದು ಕೆಳಗೆ ನಿಲ್ಲಲಿಲ್ಲ ನಾನು. ಏಣಿ ಹತ್ತಿ ಆ ನೆನಪನ್ನು ನಾನೇ ತಿಕ್ಕಿದೆ. ಎಷ್ಟು ಚೊಕ್ಕ ತಿಕ್ಕಿದೆನೆಂದರೆ, ಈಗ ಅಂಗೈ ಆಡಿಸಿ ನೋಡಿಕೊಂಡರೂ ಏನೂ ಹತ್ತುವುದಿಲ್ಲ. ಆ ವಿಮಾನದ ಪಕ್ಕ ಮಾತಾಡಿದವನು ಕಾಕಾನೇ ಇರಬೇಕು ಎಂದು ನನಗೂ ಕೆಲವು ದಿನ ಅನಿಸುತ್ತದೆ.